ಓವನ್ ಸರಿಯಾಯಿತು, ನಾನ್‌ಖಟಾಯಿ ಕೆಟ್ಟಿತು

ನಮ್ಮ ಮನೆಯ ವಸ್ತುಗಳಿಗೆ ಕ್ಯಾಲೆಂಡರ್ ಓದಲು ಬರುತ್ತದೆ ಅಂತ ನನಗೆ ಖಾತ್ರಿಯಾಗಿದೆ. ಚೌತಿಯ ಬೆಳಿಗ್ಗೆ ಮಿಕ್ಸರ್ ಹೋಯಿತು, ನೆಂಟರು ಬಂದಿಳಿದ ದಿನ ಗೀಸರ್ ಹೋಯಿತು. ಈ ಸಲ ದೀಪಾವಳಿಯ ವಾರ ಗ್ಯಾಸ್ ಓವನ್ ಕೈಕೊಟ್ಟಿತು, ಉರಿಯೇ ಸರಿಯಾಗಿ ಏಳಲಿಲ್ಲ.

ಕಾಂದಿವಲಿಯ ನಮ್ಮ ಬಿಲ್ಡಿಂಗಿನ ಎ ವಿಂಗಿನಲ್ಲಿ ಓವನ್ ಇರುವುದು ನಮ್ಮಲ್ಲಿ ಮಾತ್ರ. ಹಬ್ಬಕ್ಕೆ ಇಡೀ ವಿಂಗಿನ ನಾನ್‌ಖಟಾಯಿ ಬಿಸ್ಕತ್ತು ಬೇಯುವುದು ಅದರಲ್ಲೇ. ಬಿ ವಿಂಗಿನಲ್ಲಿ ನಾವೆಲ್ಲ ಕಾಕು ಅಂತ ಕರೆಯುವ ಮರಾಠಿ ಚಿಕ್ಕಮ್ಮನ ಮನೆಯಲ್ಲೂ ಅಂಥದ್ದೇ ಓವನ್ ಉಂಟು, ಒಂದೇ ಅಂಗಡಿಗೆ ಒಟ್ಟಿಗೆ ಹೋಗಿ ತಂದದ್ದು. ಆದರೆ ಶಾಖವನ್ನು ನಮ್ಮ ಹಾಗೇ ಮೂರನೇ ನಂಬರಿಗೆ ಇಟ್ಟರೂ ಅವರ ನಾನ್‌ಖಟಾಯಿಯ ತಳ ಪ್ರತಿ ವರ್ಷ ಕರಿ, ನಮ್ಮದು ಬಂಗಾರದ ಬಣ್ಣ. ನನ್ನ ಅತ್ತೆಗೆ ಬಿಲ್ಡಿಂಗಿನಲ್ಲಿ ಮರ್ಯಾದೆ ಅಂತ ಇರುವುದೇ ಇದರಿಂದ.

೧. ಕಪಾಟು ಖಾಲಿ ಮಾಡಿದ್ದು

ಮೆಕ್ಯಾನಿಕ್ ವಿಜಯಪುರದ ಕಡೆಯವನು. ಬಂದವನೇ, "ಒಳಗಿನ ಸಾಮಾನೆಲ್ಲಾ ತಗೀರಿ ಅಕ್ಕಾರ" ಎಂದ. ಹಬ್ಬದ ವಾರ ಬಿಟ್ಟರೆ ಮುಂಬೈಯಲ್ಲಿ ಓವನ್ ಅಂದರೆ ಕಪಾಟು ಅಂತ ಅವನಿಗೂ ಗೊತ್ತು. ಬಾಣಲೆ, ಹಪ್ಪಳದ ಡಬ್ಬಿ, ಹಳೇ ಕುಕ್ಕರಿನ ಮುಚ್ಚಳ ತೆಗೆದೆ. ಕೊನೆಗೆ ಮೂಲೆಯಿಂದ ಹಿತ್ತಾಳೆಯ ಚಕ್ಕುಲಿ ಒರಳು ಹೊರಗೆ ಬಂತು. ಹೋದ ದೀಪಾವಳಿಗೆ ಕಾಕು ಅದನ್ನು ತೆಗೆದುಕೊಂಡು ಹೋದವರು ಹಿಂದೆ ಕೊಡಲೇ ಇಲ್ಲ ಅಂತ ಅತ್ತೆ ಒಂದು ವರ್ಷದಿಂದ ಅವರ ಹತ್ತಿರ ಮಾತು ಬಿಟ್ಟಿದ್ದರು.

ಅತ್ತೆ ಒರಳನ್ನು ನೋಡಿದರು, ನನ್ನನ್ನು ನೋಡಿದರು. "ಈಗ ಎಂತ ಅಂತ ಅವಳನ್ನು ಮಾತಾಡಿಸುವುದು ಮಾರಾಯ್ತಿ? ಅದನ್ನು ಒಳಗೇ ಇಡು."

೨. ಬ್ಯಾಗಿನಲ್ಲಿ ಏನು

"ಥರ್ಮೋಸ್ಟಾಟ್ ಹೋಗೇದ್ರಿ" ಅಂತ ಮೆಕ್ಯಾನಿಕ್ ತೀರ್ಪು ಕೊಟ್ಟ. ಓವನಿನ ಶಾಖ ಹೆಚ್ಚುಕಡಿಮೆ ಮಾಡುವ ಭಾಗ ಅದು. ಹಳೆಯದನ್ನು ಬಿಚ್ಚಿ, ಇಂಥದ್ದೇ ತನ್ನಿ ಅಂತ ನನ್ನ ಕೈಗೆ ಕೊಟ್ಟ. ನಂಬರ್ ಬರೆದ ಒಂದು ತಿರುಗಣೆ, ಅದರ ಬಾಲಕ್ಕೆ ಮಾರುದ್ದದ ತಾಮ್ರದ ತಂತಿ. ಬ್ಯಾಗಿಗೆ ಹಾಕಿಕೊಂಡು ಅಂಧೇರಿಗೆ ಹೊರಟೆ.

ಮೆಟ್ರೊ ಸ್ಟೇಷನ್ನಿನಲ್ಲಿ ಬ್ಯಾಗು ಮೆಷಿನ್ ಒಳಗೆ ಹೋಯಿತು, ಹೊರಗೆ ಬರಲಿಲ್ಲ. ಸೆಕ್ಯೂರಿಟಿಯವಳು ನನ್ನನ್ನು ಬದಿಗೆ ಕರೆದಳು. ಸ್ಕ್ರೀನಿನಲ್ಲಿ ತಿರುಗಣೆ, ತಂತಿ ಎರಡೂ ಬಾಂಬಿನ ಹಾಗೆ ಕಂಡು ನನಗೇ ಹೆದರಿಕೆಯಾಯಿತು.

"ಮ್ಯಾಡಮ್, ಇದೇನು?"

"ನಾನ್‌ಖಟಾಯಿದು" ಎಂದೆ. ಸುತ್ತ ನಾಲ್ಕು ಜನ ಸೇರಿದರು. ಬೆವರು ಒರೆಸಿಕೊಳ್ಳುತ್ತ ಓವನ್, ಅತ್ತೆ, ದೀಪಾವಳಿ ಎಲ್ಲ ವಿವರಿಸಿದೆ. ಅವಳು ಬ್ಯಾಗು ಹಿಂದೆ ಕೊಟ್ಟು ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ಪಾರ್ಟು ಸಿಕ್ಕಿದರೆ ಅಂಗಡಿ ಎಲ್ಲಿ ಅಂತ ನನಗೂ ಹೇಳಿ ಹೋಗಿ. ನಮ್ಮದೂ ಕೆಟ್ಟಿದೆ."

೩. ಅಂಧೇರಿಗೆ ಹೋದದ್ದು ಯಾಕೆ

ಎರಡು ಅಂಗಡಿಯವರು "ಆ ಕಂಪನಿಯೇ ಈಗ ಇಲ್ಲ" ಎಂದರು. ಮೂರನೆಯವನು ಧೂಳು ಊದಿ ಒಂದನ್ನು ಕೊಟ್ಟ. ಮೆಕ್ಯಾನಿಕ್ ಹಾಕಿದ, ಕಡ್ಡಿ ಗೀರಿದ. ಉರಿ ಮೊದಲಿನ ಹಾಗೇ ಊದುಬತ್ತಿಯಷ್ಟು.

ತಲೆ ಕೆರೆದುಕೊಂಡು, ನನ್ನ ಸೀರೆಯ ಪಿನ್ನು ಕೇಳಿ ಇಸಿದುಕೊಂಡು, ಗ್ಯಾಸ್ ಬರುವ ತೂತಿಗೆ ಹಾಕಿದ. ಒಣಗಿದ ಜಿರಳೆ ಮರಿಯೊಂದು ಉದುರಿತು. ಭಗ್ ಅಂತ ಉರಿ ಹೊತ್ತಿತು.

"ಹಾಗಾದರೆ ಹಳೇ ಥರ್ಮೋಸ್ಟಾಟ್ ಸರಿಯಿತ್ತಾ?"

"ಸರೀನೇ ಇತ್ತು ಕಾಣಸ್ತದ್ರಿ. ಇರ್ಲಿ ಬಿಡ್ರಿ, ಹೊಸಾದು ಬಂತಲ್ಲ" ಅಂತ ಹಳೆಯದನ್ನು ಗುಜರಿಗೆ ಹಾಕುತ್ತೇನೆ ಎಂದು ತನ್ನ ಚೀಲಕ್ಕೆ ಹಾಕಿಕೊಂಡ.

ಬಾಗಿಲ ಹತ್ತಿರ ಕೂತಿದ್ದ ಅತ್ತೆ ಕೇಳಿದರು: "ಅಂದರೆ ನೀನು ಜಿರಳೆಗೆ ಸ್ಪೇರ್ ಪಾರ್ಟ್ ತರಲು ಅಂಧೇರಿಗೆ ಹೋದದ್ದಾ?"

೪. ನಮ್ಮ ವಸ್ತು

ಮರುದಿನ ವಿಂಗಿನ ಹೆಂಗಸರೆಲ್ಲ ಟ್ರೇ ಹಿಡಿದುಕೊಂಡು ಬಂದರು. ಯಾವಾಗಲೂ ಇಡುವ ಮೂರನೇ ನಂಬರಿಗೇ ಇಟ್ಟೆ. ಬಾಗಿಲು ತೆಗೆದಾಗ ಹೊಗೆ ಬಂತು. ಮೊದಲ ಟ್ರೇ ಪೂರ್ತಿ ಇದ್ದಿಲು. ಆಗ ಬುದ್ಧಿ ಬಂತು: ಇಷ್ಟು ವರ್ಷ ನಮ್ಮ ಓವನಿನ ನಂಬರೇ ಸುಳ್ಳು. ಮೂರು ಅಂದರೆ ಎರಡರ ಶಾಖ ಕೊಡುತ್ತಿತ್ತು, ನಮ್ಮ ಕೈ ಅದಕ್ಕೇ ಪಳಗಿತ್ತು. ಈಗ ಬಂದದ್ದು ಸತ್ಯ ಹೇಳುವ ಥರ್ಮೋಸ್ಟಾಟ್.

"ನಮಗೆ ಸತ್ಯ ಬೇಡ, ಹಳೇದು ತರಿಸು" ಎಂದರು ಅತ್ತೆ. ಅವರ ಕಣ್ಣಲ್ಲಿ ನೀರಿತ್ತು.

ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. "ಅದಾ? ತಳಾ ಸುಡ್ತದಂತ ನಿನ್ನೇನ ನಿಮ್ಮ ಬಿ ವಿಂಗಿನ ಕಾಕು ಕರದಿದ್ರು, ಅವ್ರ ಮನ್ಯಾಗ ಹಾಕೀನ್ರಿ. ಒರಿಜಿನಲ್ ಕಂಪನಿ ಪಾರ್ಟ್ ಅಂದೆ, ಭಾಳ ಖುಷಿಪಟ್ರು."

ಫೋನ್ ಇಡುವಷ್ಟರಲ್ಲಿ ಬೆಲ್ ಆಯಿತು. ಚಕ್ಕುಲಿ ಒತ್ತುತ್ತಿದ್ದ ಅತ್ತೆ ಒರಳನ್ನು ಸೆರಗಿನಡಿ ಮುಚ್ಚಿಕೊಂಡರು. ಕಾಕು ತಟ್ಟೆ ಹಿಡಿದು ನಿಂತಿದ್ದರು, ಮುಖದ ತುಂಬಾ ನಗು. "ಮೊದಲ ಸಲ ಚೆನ್ನಾಗಿ ಬಂದಿದೆ, ನೀವೇ ಮೊದಲು ತಿನ್ನಬೇಕು" ಎಂದು ಕೊಟ್ಟು ಹೋದರು. ಬಂಗಾರದ ಬಣ್ಣ. ಅತ್ತೆ ಒಂದನ್ನು ಬಾಯಿಗೆ ಹಾಕಿಕೊಂಡರು. ನಮ್ಮದೇ ರುಚಿ.

ಅತ್ತೆ ಸೆರಗಿನಡಿಯ ಒರಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡು ಹೇಳಿದರು: "ನೋಡಿದಿಯಾ? ನಾನು ಒಂದು ವರ್ಷದಿಂದ ಹೇಳುತ್ತಾ ಇದ್ದೇನೆ. ನಮ್ಮ ವಸ್ತು ಅವಳ ಮನೆಗೆ ಹೋದರೆ ಹಿಂದೆ ಬರುವುದಿಲ್ಲ."