ನೆಂಟರ ಮುಂದಿನ ತೆಲುಗು

ನಮ್ಮ ಮನೆಯಲ್ಲಿ ಎರಡು ಭಾಷೆಗಳಿವೆ. ಒಂದು, ನೆಂಟರು ಕೇಳಬಹುದಾದದ್ದು. ಇನ್ನೊಂದು, ನೆಂಟರು ಕೇಳಬಾರದ್ದು. ಮೊದಲನೆಯದು ಕನ್ನಡ, ಎರಡನೆಯದು ತೆಲುಗು. ತೆಲುಗು ಅಂದ ತಕ್ಷಣ ನೀವು ಗೋದಾವರಿ, ಗೋಂಗುರ ಎಂದೆಲ್ಲ ಊಹಿಸಿಕೊಳ್ಳಬೇಡಿ. ನಮ್ಮದು ಬಾಗಲೂರಿನ ಹೊಲದ ಬದುವಿನ ತೆಲುಗು. ನಮ್ಮ ಮುತ್ತಜ್ಜನ ಮುತ್ತಜ್ಜ ಅದನ್ನು ಎಲ್ಲಿಂದ ಹೊತ್ತು ತಂದನೋ ಗೊತ್ತಿಲ್ಲ, ಬರುವಾಗ ಲಿಪಿ ತರುವುದನ್ನು ಮಾತ್ರ ಮರೆತಿದ್ದಾನೆ. ಓದು, ಬರಹ, ಲಗ್ನಪತ್ರಿಕೆ, ದಾಯಾದಿಗಳ ಮೇಲಿನ ದೂರು, ಎಲ್ಲವೂ ಕನ್ನಡದಲ್ಲೇ ಆಗಿ ಆಗಿ, ನಮ್ಮ ತೆಲುಗಿನ ಅರ್ಧ ಪದಗಳು ಸದ್ದಿಲ್ಲದೆ ಕನ್ನಡವಾಗಿಬಿಟ್ಟಿವೆ. ಒಮ್ಮೆ ಯಶವಂತಪುರದ ನಮ್ಮ ಆಫೀಸಿಗೆ ವಿಜಯವಾಡದಿಂದ ಒಬ್ಬ ಸಾಹೇಬರು ವರ್ಗವಾಗಿ ಬಂದರು. ಅವರಿಗೆ ಖುಷಿಯಾಗಲಿ ಎಂದು ನಾನು ಐದು ನಿಮಿಷ ತೆಲುಗಿನಲ್ಲಿ ಕುಶಲ ವಿಚಾರಿಸಿದೆ. ಅವರು ತಾಳ್ಮೆಯಿಂದ ಪೂರ್ತಿ ಕೇಳಿ, ಕ್ಷಮಿಸಬೇಕು, ನಾನಿನ್ನೂ ಕನ್ನಡ ಕಲಿತಿಲ್ಲ ಎಂದು ಇಂಗ್ಲಿಷಿನಲ್ಲಿ ಉತ್ತರಿಸಿದರು. ಅವತ್ತಿನಿಂದ ನಾನು ಆಫೀಸಿನಲ್ಲಿ ತೆಲುಗಿನ ತಂಟೆಗೆ ಹೋಗಿಲ್ಲ.

ಹೀಗೆ ಹೊರಗೆ ಎಲ್ಲೂ ನಡೆಯದ ಈ ಭಾಷೆ ಸಂಜಯನಗರದ ನಮ್ಮ ಹಾಲಿನಲ್ಲಿ ಮಾತ್ರ ಬಹಳ ಕೆಲಸಕ್ಕೆ ಬರುತ್ತದೆ. ನಮ್ಮ ಸೋಫಾ ತುಂಬ ಮೆತ್ತಗಿದೆ. ಕುಳಿತವರು ಬೇಗ ಏಳುವುದಿಲ್ಲ. ಅಕ್ಕಪಕ್ಕದವರು ಬಂದು ಒಂದು ಗಂಟೆಯಾಯಿತು ಎಂದರೆ ನಾನು ಫ್ಯಾನ್ ಕಡೆ ನೋಡುತ್ತಾ, ಹವಾಮಾನದ ವಿಷಯ ಹೇಳುವವನ ಹಾಗೆ, ತಣ್ಣಗೆ ಒಂದು ಮಾತು ಹೇಳುತ್ತೇನೆ: "ವೀಳ್ಳೆಪ್ಪುಡು ಲೇಸ್ತಾರೋ." ಅಂದರೆ, ಇವರು ಯಾವಾಗ ಎದ್ದು ಹೋಗ್ತಾರೋ. ನನ್ನ ಹೆಂಡತಿ ಪ್ರಮೀಳಾಳದೂ ಹೊಸಕೋಟೆ ಕಡೆಯ ಇಂಥದೇ ತೆಲುಗಿನ ಮನೆ. ಅವಳು ತಕ್ಷಣ ಅರ್ಥ ಮಾಡಿಕೊಂಡು, ಅದೇ ಉಸಿರಿನಲ್ಲಿ ಕನ್ನಡದಲ್ಲಿ, ಊಟ ಮಾಡ್ಕೊಂಡೇ ಹೋಗಿ ಎಂದು ಬಂದವರಿಗೆ ಬಲವಂತ ಮಾಡುತ್ತಾಳೆ. ಊಟದ ಮಾತು ಬಂದರೆ ಮರ್ಯಾದಸ್ಥರು ಎದ್ದೇಳುತ್ತಾರೆ. ಇಪ್ಪತ್ತು ವರ್ಷದ ಸಂಸಾರದಲ್ಲಿ ನಾವಿಬ್ಬರೂ ಒಮ್ಮತದಿಂದ ಮಾಡಿಕೊಂಡು ಬಂದ ಕೆಲಸ ಇದೊಂದೇ.

ಇನ್ನು ಮಗಳು ದೀಕ್ಷಾ. ಪಿಯುಸಿ ಓದುತ್ತಾಳೆ. ಗೆಳತಿಯರ ಜೊತೆ ಕನ್ನಡ, ಇಂಗ್ಲಿಷು, ನಡುನಡುವೆ ಮಚ್ಚಾ ಎಂಬ ತಮಿಳು. ಅದು ಸಾಲದು ಎಂದು ಫೋನಿನಲ್ಲಿ ಕೊರಿಯನ್ ಭಾಷೆ ಕಲಿಯುತ್ತಿದ್ದಳು. ಸಿಯೋಲಿನಲ್ಲಿ ನೂಡಲ್ಸ್ ತರಿಸಿಕೊಳ್ಳುವಷ್ಟು ಬರುತ್ತದಂತೆ. ಮನೆಮಾತು ಮಾತ್ರ ಬೇಡ. ಯಾಕಮ್ಮಾ ಎಂದರೆ, ಕ್ಲಾಸಿನಲ್ಲಿ ಗುಂಟೂರಿನ ಹುಡುಗಿಯ ಮುಂದೆ ಒಂದು ಮಾತು ಆಡಿದ್ದಕ್ಕೆ ಅವಳು ಬಿದ್ದು ಬಿದ್ದು ನಕ್ಕಳಂತೆ. "ನಮ್ದು ಭಾಷೆನೇ ಅಲ್ಲ ಅಪ್ಪಾ. ಅದಕ್ಕೆ ಒಂದು ಆ್ಯಪ್ ಕೂಡ ಇಲ್ಲ" ಎಂದಳು. ನನಗೆ ವಿಜಯವಾಡದ ಸಾಹೇಬರು ನೆನಪಾದರು. ಆದರೂ ಬೇಜಾರಾಯಿತು. ಅಷ್ಟು ತಲೆಮಾರು ಹೇಗೋ ಉಳಿದುಕೊಂಡು ಬಂದ ಮಾತು ನನ್ನ ಮನೆಯ ಹಾಲಿಗೆ ಬಂದು ಮುಗಿದುಹೋಗುತ್ತದಲ್ಲ ಎಂದು ನಿಜವಾಗಿಯೂ ಸಂಕಟವಾಗುತ್ತಿತ್ತು.

ನನಗಿಂತ ಹೆಚ್ಚು ಸಂಕಟ ನಮ್ಮಮ್ಮನದು. ಅಮ್ಮ ನಮ್ಮ ಜೊತೆಯೇ ಇದ್ದಾಳೆ. ಅವಳ ಅಕ್ಕ, ನಮ್ಮ ದೊಡ್ಡಮ್ಮ, ಬಾಗಲೂರಿನಲ್ಲಿದ್ದಾಳೆ. ಅಕ್ಕತಂಗಿಯರ ಪೈಪೋಟಿ ಲಂಗ ಹಾಕುವ ಕಾಲದಲ್ಲಿ ಶುರುವಾದದ್ದು ಇನ್ನೂ ಮುಗಿದಿಲ್ಲ. ಫೋನು ಮಾಡಿದಾಗಲೆಲ್ಲ ದೊಡ್ಡಮ್ಮ, ತನ್ನ ಮೊಮ್ಮಗ ಚೇತನ್ ತನ್ನ ಹತ್ತಿರ ನಮ್ಮ ಮಾತು ಬಿಟ್ಟು ಬೇರೆ ಆಡುವುದೇ ಇಲ್ಲ ಎಂದು ಹೇಳಿಕೊಳ್ಳುತ್ತಿದ್ದಳು. ಅಮ್ಮ ತಡೆಯಲಾರದೆ ಒಂದು ದಿನ, ದೀಕ್ಷಾಳೂ ಅರಳು ಹುರಿದ ಹಾಗೆ ಮಾತಾಡ್ತಾಳೆ ಎಂದುಬಿಟ್ಟಳು. ಹಾಗಾದರೆ ಭಾನುವಾರ ಬಂದು ಕೇಳ್ತೀನಿ ಎಂದು ದೊಡ್ಡಮ್ಮ ಫೋನು ಇಟ್ಟಳು.

ಸುಳ್ಳು ಹೇಳಿದ್ದು ಅಮ್ಮ, ಪಾಠ ಮಾಡುವ ಕೆಲಸ ಬಿದ್ದದ್ದು ನನಗೆ. ಕುಶಲ ಕೇಳುವುದು, ಊಟವಾಯಿತಾ ಎನ್ನುವುದು, ಹೀಗೆ ಹತ್ತು ವಾಕ್ಯಗಳನ್ನು ಕನ್ನಡ ಅಕ್ಷರದಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಮೂರು ದಿನ ದೀಕ್ಷಾ ಹಾಲು ತೆಗೆಯುವಾಗೆಲ್ಲ ಅದರ ಕಡೆ ನೋಡಿದ್ದಂತೂ ನಿಜ. ಶನಿವಾರ ಅಜ್ಜಿಯ ಮುಖ ಸಣ್ಣಗಾದದ್ದು ನೋಡಿ ಅವಳಿಗೇ ಕನಿಕರವಾಗಿರಬೇಕು. ಆ ಚೀಟಿ ಬೇಡ, ನನಗೆ ಒಂದು ಸೆಂಟೆನ್ಸ್ ಚೆನ್ನಾಗಿ ಬರುತ್ತೆ, ಅದನ್ನೇ ಹೇಳ್ತೀನಿ, ಸರ್‌ಪ್ರೈಸ್ ಎಂದಳು. ಯಾವುದು ಎಂದು ಕೇಳುವ ಬುದ್ಧಿ ನನಗೆ ಬರಲಿಲ್ಲ.

ಭಾನುವಾರ ಬೆಳಿಗ್ಗೆ ದೊಡ್ಡಮ್ಮ ಬಂದಳು. ಕಾರು ಓಡಿಸಿಕೊಂಡು ಬಂದ ಚೇತನ್ ಒಂದು ಮೂಲೆಯಲ್ಲಿ ಫೋನು ಹಿಡಿದು ಕುಳಿತ. ದೊಡ್ಡಮ್ಮ ಸೋಫಾದ ನಟ್ಟನಡುವೆ ಕುಳಿತು, ಎಲ್ಲಿ ನಿನ್ನ ಮೊಮ್ಮಗಳು ಎಂದು ಅಮ್ಮನನ್ನು ಕೇಳಿದಳು. ದೀಕ್ಷಾ ಬಂದು ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಕೈ ಮುಗಿದು ನಿಂತು, ಒಮ್ಮೆ ಫ್ಯಾನ್ ಕಡೆ ನೋಡಿ, ಒಂದಕ್ಷರ ತೊದಲದೆ ಹೇಳಿದಳು.

"ವೀಳ್ಳೆಪ್ಪುಡು ಲೇಸ್ತಾರೋ."

ಪ್ರಮೀಳಾ ಅಡುಗೆಮನೆಗೆ ಓಡಿದಳು. ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾನು ಮಗಳು ನೋಡಿದ ಫ್ಯಾನನ್ನೇ ನೋಡುತ್ತಾ ಕುಳಿತೆ. ದೊಡ್ಡಮ್ಮ ಕಿವಿ ಮುಂದೆ ತಂದು, ಏನಂದೆ ಎಂದಳು. ಮಗಳು ಪಾಪ, ಕಿವಿ ಮಂದ ಎಂದುಕೊಂಡು, ಇನ್ನೂ ಗಟ್ಟಿಯಾಗಿ, ಬಿಡಿಸಿ ಬಿಡಿಸಿ ಹೇಳಿದಳು. ನಮ್ಮೆಲ್ಲರ ಮುಖ ನೋಡಿ ಅವಳಿಗೆ ಗಾಬರಿಯಾಯಿತು. "ಯಾಕೆ, ತಪ್ಪಾಯ್ತಾ? ಮನೆಗೆ ಬಂದೋರಿಗೆ ಮರ್ಯಾದೆಗೆ ಹೇಳೋ ಮಾತು ಅಂತ ಅಪ್ಪಾನೇ ಹೇಳ್ಕೊಟ್ಟಿದ್ದು."

ಆಗ ನೆನಪಾಯಿತು. ಅವಳಿಗೆ ಐದು ವರ್ಷವಿರುವಾಗ ಪಕ್ಕದ ಮನೆಯವರ ಎದುರಿಗೇ ಹಾಗಂದರೇನು ಎಂದು ಕೇಳಿದ್ದಳು. ಎಲ್ಲಿ ಬಾಯಿ ಬಿಡುತ್ತಾಳೋ ಎಂದು ನಾನೇ ಹಾಗೆ ಹೇಳಿದ್ದೆ. ಹೇಳಿ ಮರೆತಿದ್ದೆ. ಮನೆಮಾತಿನಲ್ಲಿ ನಾನು ಅವಳಿಗೆ ಬಾಯಾರೆ ಹೇಳಿಕೊಟ್ಟದ್ದು ಅದೊಂದೇ ವಾಕ್ಯ, ಅದರ ಅರ್ಥವೂ ಸುಳ್ಳು. ಮಕ್ಕಳಿಗೆ ಭಾಷಾಭಿಮಾನವಿಲ್ಲ ಎಂದು ವರ್ಷಗಟ್ಟಲೆ ಗೊಣಗಿದವನಿಗೆ ಆ ಕ್ಷಣ ಸೋಫಾದ ಕೆಳಗೆ ತೂರಿಕೊಳ್ಳುವ ಹಾಗಾಯಿತು.

ದೊಡ್ಡಮ್ಮ ಮೊದಲು ನನ್ನನ್ನು ದುರುಗುಟ್ಟಿ ನೋಡಿದಳು. ಆಮೇಲೆ ಮೆಲ್ಲಗೆ ಅವಳ ಹೊಟ್ಟೆ ಕುಲುಕತೊಡಗಿತು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕು, ದೀಕ್ಷಾಳನ್ನು ಹತ್ತಿರ ಕೂರಿಸಿಕೊಂಡು, ಅವಳಿಗೆ ತಿಳಿಯಲೆಂದು ಕನ್ನಡದಲ್ಲೇ ಹೇಳಿದಳು: "ಅದೇ ಧಾಟಿ ಕಣಮ್ಮಿ. ನಿಮ್ ತಾತಾನೂ ನಾನ್ ಬಂದಾಗೆಲ್ಲ ಸೂರು ನೋಡ್ಕಂಡು ಇಂಗೇ ಅಂತಿದ್ದ." ಮೂಲೆಯಿಂದ ಚೇತನ್ ತಲೆಯೆತ್ತಿ, "ಏನಂತೆ ಅಂಕಲ್? ಯಾಕೆ ಎಲ್ರೂ ನಗ್ತಿದ್ದೀರಾ?" ಎಂದು ಕೇಳಿದ. ನಮ್ಮಮ್ಮ ಸೆರಗು ತೆಗೆದು ಅಕ್ಕನನ್ನು ಒಂದು ಸಲ ನೋಡಿದಳು. ಅರವತ್ತು ವರ್ಷದ ಪೈಪೋಟಿಯಲ್ಲಿ ಅವಳು ಅಷ್ಟು ಸಲೀಸಾಗಿ ಗೆದ್ದದ್ದು ನಾನು ಕಂಡಿರಲಿಲ್ಲ.

ಏಳಿಸುವ ಮಾತು ಕೇಳಿದ ದೊಡ್ಡಮ್ಮ ಏಳಲಿಲ್ಲ. ಹುಡುಗಿಗೆ ನಾಲಿಗೆ ಚೆನ್ನಾಗಿ ಹೊರಳುತ್ತದೆ, ಉಳಿದದ್ದನ್ನು ಕಲಿಸಿಯೇ ಹೋಗುತ್ತೇನೆ ಎಂದು ಚೇತನ್‌ನನ್ನು ಒಬ್ಬನೇ ವಾಪಸು ಕಳಿಸಿ ಎಂಟು ದಿನ ಉಳಿದಳು. ಅಷ್ಟೂ ದಿನ ನನಗೂ ಪ್ರಮೀಳಾಗೂ ಗುಟ್ಟು ಮಾತಾಡಲು ಭಾಷೆಯೇ ಇರಲಿಲ್ಲ. ಮಗಳಿಗೋ ಹಬ್ಬ. ಬೈಗುಳಕ್ಕೇ ಇಷ್ಟು ಪದಗಳಿವೆ ಎಂದು ತಿಳಿದ ಮೇಲೆ ನಮ್ಮದೂ ಒಂದು ಭಾಷೆ ಎಂದು ಒಪ್ಪಿಕೊಂಡಳು. ಕೊರಿಯನ್ ಈಗ ಮೂಲೆ ಸೇರಿದೆ.

ದೊಡ್ಡಮ್ಮ ಊರಿಗೆ ಹೋದ ಮೇಲೂ ದಿನಾ ಸಂಜೆ ಫೋನು. ಮೊನ್ನೆ ದೀಕ್ಷಾ ಹಾಲಿನಲ್ಲಿ ಸ್ಪೀಕರ್ ಹಾಕಿಕೊಂಡು ಮಾತಾಡುತ್ತಿದ್ದಳು. ನಾನು ಪೇಪರು ಹಿಡಿದು ಎದುರಿಗೆ ಕುಳಿತು, ಓದದೆ, ಕೇಳುತ್ತಿದ್ದೆ. ಸುಳ್ಳೇಕೆ, ಎದೆ ತುಂಬಿ ಬಂದಿತ್ತು. ಅರ್ಧ ಗಂಟೆಯಾಗಿರಬಹುದು. ಮಗಳು ಮಾತು ನಿಲ್ಲಿಸಿ ನನ್ನನ್ನೊಮ್ಮೆ ನೋಡಿದಳು. ಆಮೇಲೆ ಫ್ಯಾನ್ ಕಡೆ ತಿರುಗಿ, ತಣ್ಣಗೆ, ಫೋನಿಗೆ ಹೇಳಿದಳು.

"ಈಯನೆಪ್ಪುಡು ಲೇಸ್ತಾಡೋ."

ಈ ಸಲ ಏಳಬೇಕಾಗಿದ್ದವನು ನಾನೊಬ್ಬನೇ. ಫೋನಿನೊಳಗೆ ದೊಡ್ಡಮ್ಮ ನಗುತ್ತಿದ್ದಳು. ಉಚ್ಚಾರಣೆಯಲ್ಲಿ ಹುಡುಕಿದರೂ ಒಂದು ತಪ್ಪು ಸಿಗಲಿಲ್ಲ. ಪೇಪರು ಮಡಚಿಕೊಂಡು ಎದ್ದು ಹೋದೆ.