ದಿಲ್ಲಿಗೆ ಎಷ್ಟು ಮೊಸರು?

ದೂರವನ್ನು ಕೆಲವರು ಕಿಲೋಮೀಟರಿನಲ್ಲಿ ಹೇಳುತ್ತಾರೆ, ಕೆಲವರು ತಾಸಿನಲ್ಲಿ. ನಮ್ಮವ್ವ ಮೊಸರಿನಲ್ಲಿ ಹೇಳುತ್ತಾಳೆ. ಬುತ್ತಿಗೆ ಮೊಸರನ್ನ ಕಲಸುವಾಗ ಹತ್ತಿರದ ಊರಾದರೆ ಮೊಸರು ಹೆಚ್ಚು, ದೂರವಾದರೆ ಹಾಲು ಹೆಚ್ಚು. ಮುಟ್ಟುವ ಹೊತ್ತಿಗೆ ಹಾಲು ತಾನೇ ಹೆಪ್ಪಾಗಿ ಅನ್ನ ಹದಕ್ಕೆ ಬಂದಿರಬೇಕು. ಶಿಗ್ಗಾಂವಿಯ ನಮ್ಮ ಮನೆಯಿಂದ ಸವಣೂರಿಗೆ ಬರೀ ಮೊಸರು, ಹಾನಗಲ್ಲಿಗೆ ಒಂದು ಸೌಟು ಹಾಲು, ಹಾವೇರಿಯಲ್ಲಿ ಬಸ್ಸು ಬದಲಿಸಿ ಹೋಗುವ ಹಿರೇಕೆರೂರಿಗೆ ಅರ್ಧಕ್ಕರ್ಧ. ನಾನು ಭೂಗೋಳದಲ್ಲಿ ಎಂ.ಎ. ಮಾಡಿದವನು. ನನ್ನ ಯಾವ ನಕಾಶೆಯೂ ಯಾರ ಹೊಟ್ಟೆಯನ್ನೂ ತುಂಬಿಸಿಲ್ಲ.

ದಿಲ್ಲಿಯಲ್ಲಿರುವ ನನ್ನ ತಂಗಿ ಶೈಲಾ ಏಳು ತಿಂಗಳ ಬಸುರಿ. ಡಾಕ್ಟರು ಪ್ರಯಾಣ ಬೇಡವೆಂದದ್ದರಿಂದ ಬಯಕೆಯ ಬುತ್ತಿಯೇ ಅವಳ ಬಳಿಗೆ ಹೊರಡಬೇಕಾಯಿತು. ಫೋನಿನಲ್ಲಿ ಅವಳು ಬೇಡಿದ್ದು ಒಂದೇ, ಅವ್ವನ ಕೈಯ ಮೊಸರನ್ನ. ಅಲ್ಲಿಗೇ ಹೋಗಿ ಕಲಸಬಹುದಲ್ಲ ಎಂದು ಅವ್ವನಿಗೆ ಹೇಳಿದೆ. “ತವರಮನಿ ಬುತ್ತಿ ತವರಮನ್ಯಾಗ ಕಲಸಬೇಕೋ. ದಿಲ್ಲಿ ಎಷ್ಟ ತಾಸು, ಅದನ್ನ ಹೇಳು.”

“ಎರಡೂವರಿ ತಾಸವ್ವಾ.”

“ಅಷ್ಟನ? ಹಿರೇಕೆರೂರಷ್ಟ ಆತು!” ಎಂದವಳೇ ಅರ್ಧಕ್ಕರ್ಧ ಕಲಸಿ ದೊಡ್ಡ ಸ್ಟೀಲ್ ಡಬ್ಬಿಗೆ ತುಂಬಿದಳು.

ಅದು ವಿಮಾನ ಹಾರುವ ಹೊತ್ತು ಮಾತ್ರ ಎಂದು ನಾನು ಆಗಲೇ ಹೇಳಿದ್ದೆನೆಂದು ನನ್ನ ನೆನಪು. ಆದರೆ ನನ್ನ ನೆನಪು ಯಾವಾಗಲೂ ನನ್ನ ಪಕ್ಷವನ್ನೇ ವಹಿಸುವುದರಿಂದ ಅದರ ಸಾಕ್ಷಿಯನ್ನು ನಾನು ಪೂರ್ತಿ ನಂಬುವುದಿಲ್ಲ. ಹುಬ್ಬಳ್ಳಿಗೆ ಹೋಗಿ, ಬಹಳ ಮುಂಚೆಯೇ ನಿಲ್ದಾಣದ ಒಳಗೆ ಕುಳಿತೆವು. ಆಮೇಲೆ ದಿಲ್ಲಿಯಲ್ಲಿ ಮಂಜು ಕವಿದಿದೆ, ವಿಮಾನ ತಡ ಎಂದರು. ಅವ್ವ ತೊಡೆಯ ಮೇಲಿನ ಡಬ್ಬಿಯ ಮುಚ್ಚಳ ಎತ್ತಿ ಮೂಸಿದಳು. “ನೀ ಹೇಳಿದ ಎರಡೂವರಿ ತಾಸು ಇಲ್ಲೇ ಮುಗದ್ವಲ್ಲೋ. ಹಿರೇಕೆರೂರಿಗೆ ಹೋಗಿದ್ರ ಇಷ್ಟೊತ್ತಿಗೆ ಉಂಡು ಮಲಗಿರ್ತಿದ್ವಿ. ಹುಳಿ ಏರಾಕತ್ತೇತಿ ನೋಡು.”

ಬಸುರಿ ಹೆಂಗಸಿನ ಬಯಕೆ ನನ್ನ ಭೂಗೋಳದಿಂದ ಕೆಡುವುದೇ? ಕಾಫಿ ಅಂಗಡಿಗೆ ಓಡಿ ಬರೀ ಹಾಲು ಕೇಳಿದೆ, ತಣ್ಣಗಿನದು, ಸಕ್ಕರೆ ಹಾಕದ್ದು.

“ಕೂಸಿಗೇನ್ರಿ ಸರ?” ಎಂದ ಅಂಗಡಿಯವನು.

“ಹೌದ್ರಿ. ಹುಟ್ಟಾಕ ಇನ್ನ ಎರಡ ತಿಂಗಳೈತಿ.”

ಅವನು ಮತ್ತೇನೂ ಕೇಳದೆ ಹಾಲು ಕೊಟ್ಟ. ಅವ್ವ ಬೇಡವೆನ್ನುವಷ್ಟರಲ್ಲಿ ಅಷ್ಟನ್ನೂ ಡಬ್ಬಿಗೆ ಸುರಿದೆ.

ಸಂಜೆ ದಿಲ್ಲಿಯ ಮನೆಯಲ್ಲಿ ಶೈಲಾ ಮೊದಲ ತುತ್ತು ಬಾಯಿಗಿಟ್ಟಳು. ನಾವಿಬ್ಬರೂ ಅವಳ ಮುಖವನ್ನೇ ನೋಡಿದೆವು. “ಛಲೋ ಐತವ್ವಾ. ಆದ್ರ ಹುಳಿನ ಇಲ್ಲಲ್ಲ? ವಾರದಿಂದ ಹುಳಿ ಹುಳಿ ಅಂತ ಬಾಯಿ ಬಿಡಾಕತ್ತಿದ್ದೆ.”

ಅವ್ವ ಅವಳತ್ತ ನೋಡಲಿಲ್ಲ, ನನ್ನತ್ತ ನೋಡಿದಳು. “ದೇವರು ಹುಳಿ ಮಾಡಿ ಕೊಟ್ಟಿದ್ದನವ್ವಾ. ನಿಮ್ಮಣ್ಣ ಹಾಲು ಹಾಕಿ ಕೆಡಿಸ್ಯಾನ.” ಶೈಲಾ ನಕ್ಕು ನಕ್ಕು, ನಿಂಬೆಕಾಯಿ ಉಪ್ಪಿನಕಾಯಿ ಕಲಸಿಕೊಂಡು ಡಬ್ಬಿ ಬರಿದು ಮಾಡಿದಳು.

ಮರಳಿ ಹೊರಡುವ ದಿನ ಅವ್ವ ಅಡುಗೆಮನೆಯಿಂದ ಕೂಗಿದಳು. “ಈಗ ನಮ್ಮೂರು ಎಷ್ಟ ತಾಸೋ?” ನಾನು ಬುದ್ಧಿ ಕಲಿತಿದ್ದೆ. “ಗೊತ್ತಿಲ್ಲವ್ವಾ” ಎಂದೆ. “ಅಷ್ಟು ಓದಿ ಇದೂ ಗೊತ್ತಿಲ್ಲೇನು?” ಎಂಬ ಮಾತಿನ ಹಿಂದೆಯೇ ಡಬ್ಬಿ ಮುಚ್ಚಿದ ಸದ್ದು ಕೇಳಿತು.

ಹುಬ್ಬಳ್ಳಿಯಲ್ಲಿ ಇಳಿದು, ಹಸಿದು, ಆಸೆಯಿಂದ ಮುಚ್ಚಳ ತೆರೆದೆ. ಒಳಗಿದ್ದುದು ಒಣ ಅವಲಕ್ಕಿ. ಜೊತೆಗೆ ಭೂಗೋಳದ ಎಂ.ಎ. ಇರುವಾಗ ಅದೊಂದೇ ಸುರಕ್ಷಿತ ಎಂದು ಅವ್ವನಿಗೆ ಅನಿಸಿರಬೇಕು.