ಎಬನ್ ಉಳಿಸಿಕೊಂಡ ಗುಂಡಿ

ಬೆಳಿಗ್ಗೆ ಎಬನ್ ರ‍್ಯಾಂಕಿನ್ ಗಾಲ್ಫ್ ಮೈದಾನಕ್ಕೆ ಬಂದಾಗ ಅವನ ಮರಳುಗುಂಡಿಯ, ಆಟಗಾರರ ಚೆಂಡು ಸಿಕ್ಕಿಬೀಳುವ ಹಳ್ಳದ, ನಡುವೆ ಯಾರೋ ಕೆಂಪು ಬಾವುಟ ನೆಟ್ಟಿದ್ದರು. ಮುಚ್ಚಬೇಕಾದ ಗುಂಡಿಗೆ ಅದು ಗುರುತು.

ಅವನ ಗುಂಡಿ ಎಂದು ಎಲ್ಲೂ ಬರೆದಿರಲಿಲ್ಲ. ಸ್ಕಾಟ್ಲೆಂಡಿನ ಕಡಲಂಚಿನ ಇನ್ವರ್‌ಸ್ಟ್ರೇಯಲ್ಲಿ ಮೈದಾನ ಊರಿನವರೆಲ್ಲರದು. ಆದರೆ ಪ್ರಾಯದ ಕಾಲದಿಂದಲೂ ಎಬನ್ ಹೊಡೆದ ಚೆಂಡು ಅಲ್ಲೇ ಬೀಳುತ್ತಿತ್ತು. ಅವನು ಕೋಲು ಬೀಸಿ ಬೀಸಿ ಸೋಲುತ್ತಿದ್ದ. ಮುಂದೆ ಅವನ ಹೆಂಡತಿಯಾದ ಈಫಿ ಪಕ್ಕದ ದಿಬ್ಬದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಮದುವೆಗೆ ಮುಂಚೆ ನಕ್ಕಳು, ಮದುವೆಯಾದ ಮೇಲೂ ನಕ್ಕಳು, ತಲೆ ನೆರೆತ ಮೇಲೂ ನಕ್ಕಳು. ಅವಳು ತೀರಿಕೊಂಡ ಮೇಲೂ ಎಬನ್ ದಿನಾ ಆ ಗುಂಡಿಗಿಳಿದು ಕೋಲು ಬೀಸುತ್ತಾನೆ. ಚೆಂಡು ಇವತ್ತಿಗೂ ಹೊರಗೆ ಬಂದಿಲ್ಲ. ಕಡಲ ಗಾಳಿ ಒಂದು ಮಗ್ಗುಲಿಂದ ಬೀಸಿದರೆ ಆ ನಗು ಕೇಳಿದ ಹಾಗಾಗುತ್ತದೆ. ಅಷ್ಟು ಸಾಕು ಅವನಿಗೆ.

“ಹೊಸಬರಿಗೆ ಕಷ್ಟ ಆಗ್ತಿದೆ ಎಬನ್, ಆಟ ಸ್ವಲ್ಪ ಸುಲಭ ಮಾಡೋಣ ಅಂತ,” ಎಂದ ಗಾಲ್ಫ್ ಸಂಘದ ನಾಯಕ ಪಿಟ್‌ಕೇರ್ನ್. “ಸಂಜೆ ಊರ ಸಭೆಯಲ್ಲಿ ಕೈ ಎತ್ತಿಸ್ತೀನಿ.”

ಎಬನ್‌ಗೆ ತಟ್ಟನೆ ಹೊಳೆಯಿತು. “ಸುಲಭ ಮಾಡೋದಲ್ಲ ಸ್ವಾಮಿ! ಮೈದಾನ ಮೊದಲು ಹೇಗಿತ್ತೋ ಹಾಗೇ ಮಾಡ್ಬೇಕು. ಹಳೇ ರೂಪ! ಆ ಗುಂಡಿ ಮೊದಲಿಂದಲೂ ಇದ್ದದ್ದೇ!”

ಸಭೆಯಲ್ಲಿ ಎತ್ತೋಕೆ ಕೈ ಬೇಕಲ್ಲ! ಮೊದಲು ಪಕ್ಕದ ಮನೆಯ ಗ್ರಿಝಲ್ ಹತ್ತಿರ ಓಡಿದ.

“ಹಳೇ ರೂಪ ಅಂದ್ರೆ ನಮ್ಮಜ್ಜಿ ಕಾಲದ್ದು ತಾನೇ? ಆವಾಗ ಮೈದಾನದ ಪೊದೆ ಮೇಲೆ ಬಟ್ಟೆ ಒಣಗಿಸೋ ಹಕ್ಕಿತ್ತು ನಮಗೆ.”

“ಒಣಗಿಸು ತಾಯಿ, ಕೈ ಎತ್ತು.”

ಕುರಿ ಸಾಕುವ ಲಾಕ್ಲನ್ ಗಡ್ಡ ಕೆರೆದುಕೊಂಡ. “ಆವಾಗ ಹುಲ್ಲು ಕತ್ತರಿಸ್ತಿದ್ದದ್ದು ಯಂತ್ರ ಅಲ್ಲ ಕಣಯ್ಯ, ನಮ್ಮ ಕುರಿ.”

“ಕುರಿ ಬಿಡೋ ಮಾರಾಯ, ಎಲ್ಲಾನೂ ಮೈದಾನಕ್ಕೆ ಬಿಡು.”

ಅವರು ಸಂಜೆಯವರೆಗೆ ಎಲ್ಲಿ ಕಾಯುತ್ತಾರೆ! ಮಧ್ಯಾಹ್ನಕ್ಕೆಲ್ಲ ಮೈದಾನದ ಪೊದೆಗಳ ಮೇಲೆ ಊರಿನ ಬಟ್ಟೆ ಹರಡಿತ್ತು. ಕುರಿಗಳು ನುಣುಪು ಹುಲ್ಲಿನ ಮೇಲೆ, ಹಬ್ಬ ಮುಗಿದರೂ ಏಳದ ನೆಂಟರ ಹಾಗೆ, ಕಾಲು ಮಡಿಸಿ ಕೂತಿದ್ದವು. ಪಿಟ್‌ಕೇರ್ನ್ ಜನ್ಮದಲ್ಲೇ ಮೊದಲ ಸಲ ಚೆನ್ನಾಗಿ ಹೊಡೆದ ಚೆಂಡು ಗ್ರಿಝಲ್ ಗಂಡನ ಉದ್ದ ಚಡ್ಡಿಯೊಳಗೆ ಹೊಕ್ಕಿತು.

“ಏನಯ್ಯಾ ಇದು?” ಪಿಟ್‌ಕೇರ್ನ್ ಮುಖ ಬೀಟ್‌ರೂಟ್ ಆಗಿತ್ತು.

“ಹಳೇ ರೂಪ ಸ್ವಾಮಿ.”

ಸಭೆಯಲ್ಲಿ ಹಳೇ ರೂಪಕ್ಕೆ ಊರಿಗೂರೇ ಕೈ ಎತ್ತಿತು. ಎಬನ್ ಕಣ್ಣು ಒರೆಸಿಕೊಂಡ. ಗುಂಡಿ ಉಳಿಯಿತು.

“ಆಯ್ತಪ್ಪಾ,” ಎಂದ ಪಿಟ್‌ಕೇರ್ನ್. “ಆದ್ರೆ ಹಳೇ ರೂಪ ಹೇಗಿತ್ತು ಅಂತ ನೋಡಿದೋರು ಯಾರಿದೀರಿ?”

“ಇಲ್ಲಿದೆ!” ಗ್ರಿಝಲ್ ತನ್ನ ಹಕ್ಕು ಸಾಧಿಸಲೆಂದು ಗೋಡೆಯಿಂದ ಕಿತ್ತು ತಂದಿದ್ದ ಫೋಟೋ ಎತ್ತಿದಳು. “ಆಟ ಶುರುವಾದ ದಿನ ತೆಗೆದದ್ದು.”

ಎಲ್ಲರೂ ಬಗ್ಗಿದರು. ಕಡಲು, ಪೊದೆ, ಬಟ್ಟೆ, ಕುರಿ, ಈಫಿ ಕೂರುತ್ತಿದ್ದ ದಿಬ್ಬ. ದಿಬ್ಬದ ಕೆಳಗೆ ಗುಂಡಿ ಇರಬೇಕಾದ ಜಾಗದಲ್ಲಿ ಸಪಾಟು ಹುಲ್ಲು. ಅದರ ಮೇಲೆ ಗ್ರಿಝಲ್ಲಳ ಅಜ್ಜಿ ಚಹಾ ಕುಡಿಯುತ್ತಾ ಕೂತಿದ್ದಳು.

“ಗುಂಡಿ ಎಲ್ಲಿ?” ಎಬನ್ ಫೋಟೋ ಕಸಿದುಕೊಂಡ.

“ಯಾವುದು, ನೀನು ತೋಡಿದ್ದಾ?” ಎಂದಳು ಗ್ರಿಝಲ್. “ನಿನ್ನ ಪ್ರಾಯದಲ್ಲಿ ಅಂಗೈಯಷ್ಟು ಹಳ್ಳ ಇತ್ತು ಅಲ್ಲಿ. ನೀನು ಬೀಸಿ ಬೀಸಿ ಹುಲ್ಲು ಕಿತ್ತೆ, ಗಾಳಿ ಅಡಿಯ ಮರಳು ಹೊತ್ಕೊಂಡು ಹೋಯ್ತು. ಊರಿಗೆಲ್ಲ ಗೊತ್ತಲ್ಲೋ! ಈಫಿ ಬಿದ್ದು ಬಿದ್ದು ನಗ್ತಿದ್ದಳಲ್ಲ, ‘ಚೆಂಡು ಹೊರಗೆ ಬರ್ತಿಲ್ಲ ಅಂತ ಒದ್ದಾಡ್ತಾನೆ, ಗುಂಡಿ ತೋಡ್ತಿರೋನು ತಾನೇ ಅಂತ ಗೊತ್ತಿಲ್ಲ. ಯಾರೂ ಹೇಳ್ಬೇಡ್ರೇ, ಹೇಳಿದ್ರೆ ಆಟ ಬಿಟ್ಟುಬಿಡ್ತಾನೆ’ ಅಂತ.”

ಎಬನ್ ಕೂತುಬಿಟ್ಟ. ಅದಕ್ಕಾ ಅವಳು ಅಷ್ಟು ನಗುತ್ತಿದ್ದದ್ದು!

ಬೇಸಿಗೆಯ ಬೆಳಕು ಇನ್ನೂ ಇತ್ತು. ಊರು ಒಪ್ಪಿದ ಮೇಲೆ ತಡವೇಕೆ ಎಂದು ಲಾಕ್ಲನ್ ಟ್ರ್ಯಾಕ್ಟರಿನಲ್ಲಿ ಮಣ್ಣು ತಂದು ಗುಂಡಿಗೆ ಸುರಿದ, ಮೇಲೆ ಹುಲ್ಲುಹಾಸು ಹೊದಿಸಿದ. ಹಳೇ ರೂಪದ ಮೊದಲ ಕೆಲಸ ಅದೇ ಆಯಿತು. ಎಲ್ಲರೂ ಎಬನ್‌ನ ಬೆನ್ನು ತಟ್ಟಿ ಸೂಪು ಕುಡಿಯಲು ಮನೆಗೆ ಹೋದರು.

ಅವನೊಬ್ಬನೇ ಉಳಿದ. ಗುಂಡಿಯಿದ್ದ ಜಾಗದಲ್ಲಿ ಚೆಂಡಿಟ್ಟು ಕೋಲು ಬೀಸಿದ. ಚೆಂಡು ಹಾಯಾಗಿ ಹಾರಿ ದೂರದ ಗುರಿಯ ಬಾವುಟದ ಬುಡಕ್ಕೆ ಹೋಗಿ ನಿಂತಿತು. ಅಭ್ಯಾಸಬಲದಿಂದ ತಿರುಗಿ ದಿಬ್ಬ ನೋಡಿದ. ಗ್ರಿಝಲ್ ಮರೆತು ಹೋದ ಬಿಳಿ ಹೊದಿಕೆಯೊಂದು ಪಟಪಟ ಅನ್ನುತ್ತಿತ್ತು.

ಇನ್ನೊಂದು ಚೆಂಡಿಟ್ಟ. ಈ ಸಲ ಬೇಕೆಂದೇ, ಹುಲ್ಲು ಕಿತ್ತುಬರುವ ಹಾಗೆ, ನೆಲಕ್ಕೆ ಬೀಸಿದ.

ಹಾಳಾದ್ದು, ಅದೂ ನೆಟ್ಟಗೆ ಹಾರಿತು.